ಗಾಳಿಮಳೆಗೆ ಕರೆಂಟ್ ಹೋದಾಗ: ಮಲೆನಾಡಿನ ಮನೆಗೊಂದು ದೋಷ ನಿವಾರಣೆ ಕೈಪಿಡಿ

ಆರಿದ್ರ ಮಳೆ ಹಿಡಿದ ಮೇಲೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆಯ ಮನೆಗಳಲ್ಲಿ ಕರೆಂಟ್ ಹೋಗದ ವಾರವೇ ಇರುವುದಿಲ್ಲ. ನೆಲ ನೀರು ಕುಡಿದು ಮೆತ್ತಗಾಗಿರುತ್ತದೆ; ಘಾಟಿಯ ಕಡೆಯಿಂದ ಬೀಸುವ ಗಾಳಿಗೆ ತೋಟದ ಸಿಲ್ವರ್ ಮರ ನಡುವಿಗೇ ಮುರಿಯುತ್ತದೆ ಇಲ್ಲವೇ ಬುಡಸಮೇತ ಒರಗುತ್ತದೆ; ಅದರ ಪಕ್ಕದಲ್ಲಿ ಹಾದುಹೋಗುವ 11 ಕೆವಿ (11,000 ವೋಲ್ಟ್) ಲೈನ್ ಅದರೊಂದಿಗೇ ನೆಲ ಕಾಣುತ್ತದೆ. ಮುಂಗಾರು ಮುಗಿಯಿತೆಂದು ನೆಮ್ಮದಿಯಿಂದಿರುವಾಗ, ಕಾಫಿ ಕುಯ್ಲು ಶುರುವಾಗುವ ನವೆಂಬರ್–ಡಿಸೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮತ್ತೊಂದು ಸುತ್ತಿನ ಗಾಳಿಮಳೆ ಬರುವುದೂ ಉಂಟು. ಆಗ ಚಳಿಯೂ ಜೊತೆಗಿರುತ್ತದೆ.

ಕತ್ತಲೆಯಲ್ಲಿ ಟಾರ್ಚ್ ಹಿಡಿದು ಮೀಟರ್ ಬೋರ್ಡಿನ ಮುಂದೆ ನಿಂತವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದೋಷವಿರುವುದು ಮೀಟರ್‌ನ ಆಚೆಯೋ, ಈಚೆಯೋ? ಕಂಬದಿಂದ ಮೀಟರ್‌ವರೆಗಿನದು ವಿದ್ಯುತ್ ಕಂಪನಿಯ ಸಿಬ್ಬಂದಿ ಮಾತ್ರ ಮುಟ್ಟಬೇಕಾದ ಭಾಗ. ಮೀಟರ್‌ನಿಂದ ಒಳಗಿನದು ನಮ್ಮ ಜವಾಬ್ದಾರಿ. ಮಳೆಗಾಲದಲ್ಲಿ ಮನೆಗಳಲ್ಲಿ ನಡೆಯುವ ಅನಾಹುತಗಳಲ್ಲಿ ಹೆಚ್ಚಿನವು ಈ ಗೆರೆಯನ್ನು ಗುರುತಿಸದೆ ಕೈ ಹಾಕಿದ್ದರಿಂದಲೇ ಆಗುತ್ತವೆ ಎಂಬುದು ನನ್ನ ಅನುಭವ. ಆದ್ದರಿಂದ ಈ ಕೈಪಿಡಿಯ ಪ್ರತಿಯೊಂದು ಲಕ್ಷಣವನ್ನೂ ಆ ಪ್ರಶ್ನೆಯ ಮೂಲಕವೇ ನೋಡಿದ್ದೇನೆ.

ಮಳೆಗಾಲಕ್ಕೆ ಮುಂಚೆಯೇ ಒಂದು ಚೀಟಿಯಲ್ಲಿ ನಿಮ್ಮ ಬಿಲ್ಲಿನಲ್ಲಿರುವ ಆರ್‌ಆರ್ ನಂಬರು (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ), ನಿಮ್ಮ ಸೆಕ್ಷನ್ ಆಫೀಸಿನ ಫೋನ್ ನಂಬರು ಮತ್ತು 1912 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಬರೆದು ಮೀಟರ್ ಬೋರ್ಡಿನ ಪಕ್ಕದಲ್ಲಿ ಅಂಟಿಸಿಡಿ. ಚಿಕ್ಕಮಗಳೂರು ಜಿಲ್ಲೆ ಮಂಗಳೂರಿನ ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂಗೂ ಹಾಸನ ಜಿಲ್ಲೆ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೂ ಸೇರಿರುವುದರಿಂದ, ಎರಡು ಜಿಲ್ಲೆಗಳ ಗಡಿಯಲ್ಲಿರುವ ಊರಿನವರು ತಾವು ಯಾರ ಗ್ರಾಹಕರೆಂದು ಬಿಲ್ ನೋಡಿ ತಿಳಿದುಕೊಂಡಿರುವುದು ಒಳ್ಳೆಯದು. ಒಂದು ಟಾರ್ಚ್, ಒಂದು ಟೆಸ್ಟರ್, ಒಣಗಿದ ರಬ್ಬರ್ ಚಪ್ಪಲಿ ಮತ್ತು ನಿಂತುಕೊಳ್ಳಲು ಒಣ ಮರದ ಮಣೆ ಇವಿಷ್ಟು ಕೈಗೆ ಸಿಗುವಲ್ಲಿರಲಿ.

ಮೊದಲು ಹೊರಗೆ ನೋಡಿ: ತಂತಿ ಬಿದ್ದಿದೆಯೇ?

ಕರೆಂಟ್ ಹೋದ ಕೂಡಲೇ ಅಂಗಳಕ್ಕೆ ಇಳಿಯಬೇಡಿ. ಜಗಲಿಯಲ್ಲೇ ನಿಂತು, ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ತನ್ನ ಜಾಗದಲ್ಲಿದೆಯೇ, ಮರದ ಕೊಂಬೆ ಅದರ ಮೇಲೆ ಕುಳಿತಿದೆಯೇ, ಬೇಲಿಗೋ ಬಟ್ಟೆ ಒಣಹಾಕುವ ತಂತಿಗೋ ತಾಗುತ್ತಿದೆಯೇ ಎಂದು ಟಾರ್ಚಿನ ಬೆಳಕಿನಲ್ಲಿ ನೋಡಿ. ತಂತಿ ನೆಲದ ಮೇಲೆ ಬಿದ್ದಿದ್ದರೆ ಉಳಿದ ಯಾವ ಪರೀಕ್ಷೆಯೂ ಬೇಡ. ಅದರಿಂದ ಕನಿಷ್ಠ 10 ಮೀಟರ್, ಅಂದರೆ ಸುಮಾರು ಹದಿನೈದು ಹೆಜ್ಜೆ ದೂರವಿದ್ದು 1912ಕ್ಕೆ ಫೋನ್ ಮಾಡಿ, ಆ ದಾರಿಯಲ್ಲಿ ಯಾರೂ ಬರದಂತೆ ನೋಡಿಕೊಳ್ಳಿ.

ಮನೆಯಲ್ಲಿ ಕರೆಂಟ್ ಇಲ್ಲವೆಂದರೆ ಬಿದ್ದ ತಂತಿಯಲ್ಲೂ ಇಲ್ಲವೆಂದು ಭಾವಿಸುವುದು ಬಹಳ ಅಪಾಯಕರ. ತಂತಿ ಕಿಡಿ ಹಾರಿಸದೆ, ಸದ್ದು ಮಾಡದೆ ಬಿದ್ದಿದ್ದೂ ಅದರಲ್ಲಿ ವಿದ್ಯುತ್ ಇರಬಹುದು. ಲೈನ್ ಟ್ರಿಪ್ ಆಗಿ, ಅಂದರೆ ತಾನಾಗಿ ಕಡಿತಗೊಂಡು ನಿಂತಿದ್ದರೂ ದೋಷ ಎಲ್ಲಿದೆಯೆಂದು ತಿಳಿಯಲು ಸಬ್‌ಸ್ಟೇಷನ್‌ನಿಂದ ಮತ್ತೊಮ್ಮೆ ಚಾರ್ಜ್ ಮಾಡಿ ನೋಡುವ ಪದ್ಧತಿ ಇದೆ. ಒದ್ದೆ ನೆಲದಲ್ಲಿ ತಂತಿಯ ಸುತ್ತ ವೋಲ್ಟೇಜ್ ಹಂತಹಂತವಾಗಿ ಹರಡಿಕೊಂಡಿರುತ್ತದೆ. ಒಂದು ಕಾಲು ಇರುವ ಜಾಗಕ್ಕೂ ಇನ್ನೊಂದು ಕಾಲು ಇರುವ ಜಾಗಕ್ಕೂ ಇರುವ ವ್ಯತ್ಯಾಸವೇ ಮನುಷ್ಯನನ್ನು ಕೊಲ್ಲಬಲ್ಲದು. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದ್ದರಿಂದ ಅವುಗಳಿಗೆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಬೆಳಗ್ಗೆ ಕೊಟ್ಟಿಗೆಯ ಹಗ್ಗ ಬಿಚ್ಚುವ ಮೊದಲು ಮೇವಿನ ದಾರಿಯನ್ನು ಒಮ್ಮೆ ನೋಡಿ ಬರಬೇಕು. ಗೊತ್ತಿಲ್ಲದೆ ಬಿದ್ದ ತಂತಿಯ ಹತ್ತಿರ ಹೋಗಿಬಿಟ್ಟಿದ್ದರೆ ಓಡಬೇಡಿ. ಎರಡೂ ಪಾದಗಳನ್ನು ಒಂದಕ್ಕೊಂದು ತಾಗಿಸಿಕೊಂಡು, ನೆಲದಿಂದ ಎತ್ತದೆ, ಸಣ್ಣಸಣ್ಣದಾಗಿ ಜಾರಿಸುತ್ತಾ ದೂರ ಸರಿಯಿರಿ.

ತಂತಿಯ ಮೇಲೆ ಕೊಂಬೆ ಬಿದ್ದಿದ್ದರೆ ಅದನ್ನು ದೋಟಿಯಿಂದಲೋ ಕತ್ತಿಯಿಂದಲೋ ತೆಗೆಯಲು ಹೋಗಬೇಡಿ. ಹಸಿ ಕೊಂಬೆಯೂ ಒದ್ದೆ ಬಿದಿರೂ ವಿದ್ಯುತ್ತನ್ನು ಹರಿಸುತ್ತವೆ. ಮರಗಸಿಗೂ ಮೆಣಸು ಕುಯ್ಲಿಗೂ ಬಳಸುವ ಅಲ್ಯೂಮಿನಿಯಂ ಏಣಿಯನ್ನಂತೂ ಲೈನ್ ಹಾದುಹೋಗುವ ಕಡೆ ಎತ್ತಿ ನಿಲ್ಲಿಸಲೇಬಾರದು.

ಲಕ್ಷಣ: ನಮ್ಮಲ್ಲೂ ಇಲ್ಲ, ಅಕ್ಕಪಕ್ಕದಲ್ಲೂ ಇಲ್ಲ

ಇದು ಅತ್ಯಂತ ಸರಳವಾದ ಸ್ಥಿತಿ. ದೋಷ ಮೀಟರ್‌ನ ಆಚೆಗಿದೆ. ಕೂಗಳತೆಯ ಮನೆಯವರೆಲ್ಲ ಕತ್ತಲೆಯಲ್ಲಿದ್ದು ಆಚೆ ದಿಣ್ಣೆಯ ಮನೆಯಲ್ಲಿ ದೀಪ ಕಾಣುತ್ತಿದ್ದರೆ ನಿಮ್ಮ ಟಿಸಿಯ (ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್) ಫ್ಯೂಸ್ ಹೋಗಿರುವ ಸಾಧ್ಯತೆ ಹೆಚ್ಚು. ಊರಿಗೆ ಊರೇ ಕತ್ತಲಾಗಿದ್ದರೆ ಸಬ್‌ಸ್ಟೇಷನ್‌ನಿಂದ ಬರುವ 11 ಕೆವಿ ಫೀಡರ್ ಲೈನಿನಲ್ಲಿಯೇ ತೊಂದರೆ. ದೂರು ಕೊಡುವಾಗ ಈ ವ್ಯತ್ಯಾಸವನ್ನು ಹೇಳಿದರೆ, ಯಾವ ಟಿಸಿಯ ಎಷ್ಟು ಮನೆಗಳಿಗೆ ಇಲ್ಲವೆಂದು ತಿಳಿಸಿದರೆ, ಮರ ಬಿದ್ದ ಜಾಗ ಗೊತ್ತಿದ್ದು ಅದನ್ನೂ ಸೇರಿಸಿದರೆ, ಕತ್ತಲೆಯಲ್ಲಿ ಮೈಲುಗಟ್ಟಲೆ ಲೈನ್ ಹುಡುಕುತ್ತಾ ನಡೆಯಬೇಕಾದ ಪವರ್‌ಮ್ಯಾನ್‌ಗಳಿಗೆ ಬಹಳ ಉಪಕಾರವಾಗುತ್ತದೆ. ಟಿಸಿಯ ಫ್ಯೂಸನ್ನು ಊರಿನವರೇ ಹಾಕಿಕೊಳ್ಳುವ ರೂಢಿ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ಬಿಡಿ. ಟಿಸಿಯ ತಲೆಯ ಮೇಲಿರುವುದು 11,000 ವೋಲ್ಟ್. ಅದನ್ನು ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಸಾಕು, ಹಾರಿ ಹೊಡೆಯುತ್ತದೆ.

ಲಕ್ಷಣ: ಅಕ್ಕಪಕ್ಕದಲ್ಲಿ ಬೆಳಕಿದೆ, ನಮ್ಮಲ್ಲಿಲ್ಲ

ಮೊದಲು ಮೀಟರ್‌ನ ಪರದೆಯನ್ನು ನೋಡಿ. ಅಂಕಿಗಳು ತಾವಾಗಿ ಬದಲಾಗುತ್ತಾ ಬೆಳಗುತ್ತಿದ್ದರೆ ಮೀಟರ್‌ವರೆಗೆ ಕರೆಂಟ್ ಬಂದಿದೆ, ದೋಷ ಈಚೆಗಿದೆ ಎಂದು ತಿಳಿಯಬಹುದು. ಆಗ ಮೇನ್ ಸ್ವಿಚ್, ಅದರ ಪಕ್ಕದ ಇಎಲ್‌ಸಿಬಿ (ಕರೆಂಟು ನೆಲಕ್ಕೆ ಸೋರಿದರೆ ಕಡಿಯುವ ಸ್ವಿಚ್) ಮತ್ತು ಎಂಸಿಬಿಗಳಲ್ಲಿ (ಭಾರ ಹೆಚ್ಚಾದರೆ ಅಥವಾ ಶಾರ್ಟ್ ಆದರೆ ತಾವೇ ಬೀಳುವ ಸ್ವಿಚ್‌ಗಳು) ಯಾವುದು ಕೆಳಗೆ ಬಿದ್ದಿದೆಯೆಂದು ನೋಡಿ. ಕೆಲವು ಎಂಸಿಬಿಗಳು ಟ್ರಿಪ್ ಆದಾಗ ಪೂರ್ತಿ ಕೆಳಗೆ ಬರದೆ ನಡುವೆ ನಿಲ್ಲುತ್ತವೆ. ಅವನ್ನು ಒಮ್ಮೆ ಪೂರ್ತಿ ಕೆಳಗೆ ಒತ್ತಿ ನಂತರ ಮೇಲೆತ್ತಬೇಕು.

ಮೀಟರ್ ಪರದೆ ಸಂಪೂರ್ಣ ಕಪ್ಪಾಗಿದ್ದರೆ ತೊಂದರೆ ಆಚೆಗಿದೆ: ಕಂಬದ ಮೇಲಿನ ಜೋಡಣೆ ಸಡಿಲವಾಗಿರಬಹುದು, ಸರ್ವಿಸ್ ವೈರ್ ಒಳಗೇ ತುಂಡಾಗಿರಬಹುದು, ಅಥವಾ ಮೀಟರ್‌ಗಿಂತ ಮೊದಲು ಇರುವ ಕಟೌಟ್‌ನ ಫ್ಯೂಸ್ ಹೋಗಿರಬಹುದು. ಸೀಲ್ ಮಾಡಿದ ಈ ಭಾಗವನ್ನು ತೆರೆಯಬಾರದು. ನಿಮ್ಮ ಮನೆಯ ಮೇನ್ ಸ್ವಿಚ್ ಆರಿಸಿದರೂ ಅಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಮೀಟರ್ ಬೋರ್ಡಿನಿಂದ ಸುಟ್ಟ ವಾಸನೆ ಬಂದರೆ, ಚಟಚಟ ಸದ್ದು ಕೇಳಿದರೆ, ಮರದ ಹಲಗೆ ಕಪ್ಪಾಗಿದ್ದರೆ ಮೇನ್ ಸ್ವಿಚ್ ಆರಿಸಿ ದೂರ ನಿಂತು ದೂರು ಕೊಡಿ. ಮಾಡಿನ ಹೆಂಚು ಜಾರಿ ಬೋರ್ಡಿನ ಮೇಲೆ ನೀರು ಸೋರುತ್ತಿದ್ದರೆ ಮೇನ್ ಸ್ವಿಚ್ಚಿಗೂ ಕೈಹಾಕುವಂತಿಲ್ಲ.

ಲಕ್ಷಣ: ಒಂದು ಕೋಣೆಯಲ್ಲಿ ಮಾತ್ರ ಇಲ್ಲ

ಆ ಕೋಣೆಗೆ ಹೋಗುವ ವೈರಿಂಗ್ ಸಾಲಿನ ಎಂಸಿಬಿ ಬಿದ್ದಿರುತ್ತದೆ. ಒಮ್ಮೆ ಎತ್ತಿ ನೋಡಿ. ಎತ್ತಿದ ತಕ್ಷಣ ಬಿದ್ದರೆ ಶಾರ್ಟ್ ಸರ್ಕ್ಯೂಟ್. ಕೆಲವು ನಿಮಿಷ ನಿಂತು ಬಿದ್ದರೆ ಭಾರ ಹೆಚ್ಚಾಗಿದೆ. 2000 ವ್ಯಾಟ್‌ನ ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದೇ ಸಾಲಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನೂ ಕೋಣೆ ಬಿಸಿ ಮಾಡುವ ಹೀಟರನ್ನೂ ಹಾಕಿದರೆ 16 ಆಂಪಿಯರ್‌ನ ಎಂಸಿಬಿ ಬೀಳುವುದು ಸಹಜ, ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಎರಡನೆಯ ಸಲವೂ ಕೂಡಲೇ ಬಿದ್ದರೆ ಮೂರನೆಯ ಸಲ ಎತ್ತಬೇಡಿ. ಇನ್ನೂ ಹಳೆಯ ಪಿಂಗಾಣಿ ಫ್ಯೂಸ್ ಇರುವ ಮನೆಗಳಲ್ಲಿ, ಫ್ಯೂಸ್ ತಂತಿ ಪದೇಪದೇ ಸುಡುತ್ತದೆಂದು ದಪ್ಪ ತಾಮ್ರದ ಎಳೆ ಕಟ್ಟಿಬಿಡುವುದುಂಟು. ಹಾಗೆ ಮಾಡಿದರೆ ಮುಂದಿನ ಸಲ ಸುಡುವುದು ಗೋಡೆಯೊಳಗಿನ ವೈರು. ಹಲಗೆ ಅಟ್ಟವಿರುವ ಹಳೆಯ ಮನೆಗಳಲ್ಲಿ ಬೆಂಕಿ ಹತ್ತಲು ಅಷ್ಟು ಸಾಕು.

ಲಕ್ಷಣ: ಮಳೆ ಬಂದಾಗಲೆಲ್ಲ ಇಎಲ್‌ಸಿಬಿ ಬೀಳುತ್ತದೆ

ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ದೋಷಗಳಿಗೆಲ್ಲ ಇದೇ ತಾಯಿ ಎನ್ನಬಹುದು. ತಪ್ಪಾಗಿ ಅರ್ಥವಾಗುವುದೂ ಇದೇ ಹೆಚ್ಚು. ಇಎಲ್‌ಸಿಬಿ ಎಂದು ನಾವೆಲ್ಲ ಕರೆಯುವ, ಈಗಿನ ಮನೆಗಳಲ್ಲಿ ವಾಸ್ತವವಾಗಿ ಆರ್‌ಸಿಸಿಬಿ ಆಗಿರುವ ಈ ಸಾಧನ, ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ನ್ಯೂಟ್ರಲ್‌ನಲ್ಲಿ ಹಿಂದಿರುಗಿತೇ ಎಂದು ಸದಾ ಅಳೆಯುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ತಲುಪುವಷ್ಟರಲ್ಲಿ, ಅಂದರೆ ಅಷ್ಟು ಕರೆಂಟು ನೀರಿನ ಮೂಲಕವೋ ಗೋಡೆಯ ಮೂಲಕವೋ ಮನುಷ್ಯನ ಮೈಯ ಮೂಲಕವೋ ನೆಲಕ್ಕೆ ಸೋರುತ್ತಿದ್ದರೆ, ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಅದು ಬೀಳುತ್ತಿದೆಯೆಂದರೆ ಎಲ್ಲೋ ಸೋರಿಕೆ ಇದೆ. "ಮಳೆಗಾಲದಲ್ಲಿ ಅದೊಂದು ಕಾಟ" ಎಂದು ಅದನ್ನು ತಪ್ಪಿಸಿ ನೇರ ವೈರ್ ಕೊಟ್ಟುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಬಚ್ಚಲಿನಲ್ಲಿ ಮಕ್ಕಳು ಮೀಯುವ ಮನೆಗಳವು. ಅದನ್ನು ಕಂಡಾಗ ನನಗೆ ಭಯವಾಗುತ್ತದೆ.

ಹುಡುಕುವ ಕ್ರಮ ಹೀಗೆ. ಎಲ್ಲ ಎಂಸಿಬಿಗಳನ್ನೂ ಕೆಳಗಿಳಿಸಿ ಇಎಲ್‌ಸಿಬಿಯನ್ನು ಮೇಲೆತ್ತಿ. ಅದು ನಿಂತರೆ ಒಂದೊಂದೇ ಎಂಸಿಬಿಯನ್ನು ಎತ್ತುತ್ತಾ ಹೋಗಿ. ಯಾವುದನ್ನು ಎತ್ತಿದಾಗ ಬಿತ್ತೋ ಆ ಸಾಲಿನಲ್ಲಿ ಸೋರಿಕೆ ಇದೆ. ಆ ಸಾಲಿನ ಉಪಕರಣಗಳ ಪ್ಲಗ್‌ಗಳನ್ನು ಕಳಚಿ ಮತ್ತೆ ಎತ್ತಿ. ಈಗ ನಿಂತರೆ ದೋಷ ಉಪಕರಣದಲ್ಲಿದೆ, ಆಗಲೂ ಬಿದ್ದರೆ ಗೋಡೆಯೊಳಗಿನ ವೈರಿಂಗ್‌ನಲ್ಲಿದೆ. ಉಪಕರಣಗಳಲ್ಲಿ ಮೊದಲು ಅನುಮಾನಿಸಬೇಕಾದವು ಗೀಸರ್, ವಾಷಿಂಗ್ ಮೆಷಿನ್, ಬಾವಿಯ ಪಂಪು ಮತ್ತು ಗೇಟಿನ ಬಳಿಯ ದೀಪ. ಹೊರಗಿನ ದೀಪದ ಹೋಲ್ಡರ್‌ನಲ್ಲಿ ನೀರು ನಿಂತಿರುವುದು, ಸ್ವಿಚ್ ಬಾಕ್ಸಿನಲ್ಲಿ ಇರುವೆ ಗೂಡು ಕಟ್ಟಿ ಅದು ತೇವ ಹೀರಿರುವುದು, ಅಟ್ಟದಲ್ಲಿ ಇಲಿ ವೈರ್ ಕಡಿದ ಜಾಗಕ್ಕೆ ಹೆಂಚಿನ ಸೋರಿಕೆ ತಾಗುತ್ತಿರುವುದು ಇವೆಲ್ಲ ನಮ್ಮ ಕಡೆಯ ಸಾಮಾನ್ಯ ಕಾರಣಗಳು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ಎಂಸಿಬಿಗಳನ್ನು ಇಳಿಸಿದ ಮೇಲೂ ಇಎಲ್‌ಸಿಬಿ ನಿಲ್ಲದಿದ್ದರೆ ಅದೇ ಕೆಟ್ಟಿದೆಯೆಂದು ಅವಸರದಿಂದ ತೀರ್ಮಾನಿಸಬೇಡಿ. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಜೋಡಣೆ ಹಾಗೆಯೇ ಉಳಿದಿರುತ್ತದೆ. ಯಾವುದೋ ಉಪಕರಣದಲ್ಲಿ ನ್ಯೂಟ್ರಲ್ ಅರ್ತ್‌ಗೆ ತಾಗಿದ್ದರೆ ಎಂಸಿಬಿ ಇಳಿಸಿದ ಮೇಲೂ ಇಎಲ್‌ಸಿಬಿ ಬೀಳಬಹುದು. ಆದ್ದರಿಂದ ಮನೆಯ ಎಲ್ಲ ಪ್ಲಗ್‌ಗಳನ್ನೂ ಸಾಕೆಟ್‌ನಿಂದ ಹೊರಗೆಳೆದು ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ನಿಲ್ಲದಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಅವರು ಮೆಗ್ಗರ್ ಎಂಬ ಪರೀಕ್ಷಾ ಉಪಕರಣ ಹಿಡಿದು ಯಾವ ಸಾಲಿನ ವೈರ್ ತೇವ ಹಿಡಿದಿದೆಯೆಂದು ಹೇಳಬಲ್ಲರು. ಅಲ್ಲಿಯವರೆಗೆ ಸೋರಿಕೆ ಇರುವ ಸಾಲನ್ನು ಬಳಸಬೇಡಿ. ಇಎಲ್‌ಸಿಬಿಯ ಮೇಲೆ ಟೆಸ್ಟ್ ಎಂದಿರುವ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುತ್ತಿರಿ. ಕರೆಂಟ್ ಇರುವಾಗ ಒತ್ತಿದರೂ ಬೀಳದ ಇಎಲ್‌ಸಿಬಿ ನಿಮ್ಮನ್ನು ಕಾಯುತ್ತಿಲ್ಲ, ಅದನ್ನು ಬದಲಾಯಿಸಬೇಕು.

ಲಕ್ಷಣ: ಬಲ್ಬ್ ಮಂಕಾಗಿದೆ, ಅಥವಾ ಕೆಲವು ಮಂಕು ಕೆಲವು ವಿಪರೀತ ಬೆಳಕು

ಕರೆಂಟ್ ಇದ್ದೂ ಇಲ್ಲದಂತಿರುವ ಈ ಸ್ಥಿತಿ ಪೂರ್ತಿ ಕತ್ತಲೆಗಿಂತ ಹೆಚ್ಚು ಹಾನಿ ಮಾಡುತ್ತದೆ. ಇದರಲ್ಲಿ ಎರಡು ಬಗೆಗಳಿವೆ, ಎರಡನ್ನೂ ಬೇರೆ ಮಾಡಿ ಗುರುತಿಸಬೇಕು.

ಮನೆಯ ಎಲ್ಲ ದೀಪಗಳೂ ಸಮನಾಗಿ ಮಂಕಾಗಿದ್ದು, ಫ್ಯಾನ್ ಕುಂಟುತ್ತಾ ತಿರುಗುತ್ತಿದ್ದು, ಪಕ್ಕದ ಮನೆಯಲ್ಲಿ ಮಾತ್ರ ದೀಪ ಸರಿಯಾಗಿದ್ದರೆ, 11 ಕೆವಿ ಲೈನಿನ ಮೂರು ತಂತಿಗಳಲ್ಲಿ ಒಂದು ತುಂಡಾಗಿರಬಹುದು ಇಲ್ಲವೇ ಟಿಸಿಯ ಮೇಲ್ಭಾಗದ ಒಂದು ಫ್ಯೂಸ್ ಹೋಗಿರಬಹುದು. ನಮ್ಮ ಊರುಗಳ ಟಿಸಿಗಳ ಒಳಜೋಡಣೆ ಹೇಗಿದೆಯೆಂದರೆ, ಹಾಗಾದಾಗ ಒಂದು ಫೇಸಿನ ಮನೆಗಳಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಉಳಿದೆರಡು ಫೇಸಿನ ಮನೆಗಳಿಗೆ ಹೆಚ್ಚುಕಡಿಮೆ ಅರ್ಧ, ಅಂದರೆ 230ರ ಬದಲು 115 ವೋಲ್ಟಿನ ಆಸುಪಾಸು ಬರುತ್ತದೆ. ಆಗ ಫ್ರಿಡ್ಜ್, ಪಂಪು, ಮಿಕ್ಸಿ ಎಲ್ಲವನ್ನೂ ಕಳಚಿಡಿ. ಕಡಿಮೆ ವೋಲ್ಟೇಜಿನಲ್ಲಿ ಮೋಟಾರ್ ತಿರುಗಲಾರದೆ ಗುಂಯ್‌ಗುಡುತ್ತಾ ಹೆಚ್ಚು ಕರೆಂಟ್ ಎಳೆದು ಸುಟ್ಟುಹೋಗುತ್ತದೆ. ಮೂರು ಫೇಸಿನ ಪಂಪಿಗೆ ಆಟೋ ಸ್ಟಾರ್ಟರ್ (ಕರೆಂಟ್ ಬಂದೊಡನೆ ತಾನೇ ಪಂಪು ಚಾಲೂ ಮಾಡುವ ಸಾಧನ) ಹಾಕಿದ್ದರೆ ಮೊದಲು ಅದನ್ನು ಆರಿಸಬೇಕು. ಮರ ಬಿದ್ದು ಹೀಗಾಗಿದ್ದರೆ ಆ ತುಂಡಾದ ತಂತಿ ತೋಟದಲ್ಲೆಲ್ಲೋ ನೆಲದ ಮೇಲಿರುವ ಸಂಭವವಿದೆ. ದೂರು ಕೊಡುವಾಗ ಈ ಅನುಮಾನವನ್ನೂ ಹೇಳಿ, ತೋಟಕ್ಕೆ ಹೋಗುವವರನ್ನು ತಡೆಯಿರಿ.

ಎರಡನೆಯದು ಇನ್ನೂ ಗಂಭೀರ. ಕೆಲವು ದೀಪಗಳು ಮಂಕಾಗಿ ಕೆಲವು ಕಣ್ಣು ಕೋರೈಸುವಂತೆ ಉರಿದರೆ, ಅಥವಾ ಒಂದು ಉಪಕರಣ ಹಾಕಿದಾಗ ಇನ್ನೊಂದರ ಬೆಳಕು ಏರಿದರೆ, ನ್ಯೂಟ್ರಲ್ ತಂತಿ ಕಳಚಿದೆ. ಆಗ ಒಂದೊಂದು ಕಡೆ 230 ವೋಲ್ಟಿನ ಬದಲು 400 ವೋಲ್ಟಿನವರೆಗೂ ಏರಬಹುದು. ಟಿವಿ, ರೌಟರ್, ಫ್ರಿಡ್ಜಿನ ಬೋರ್ಡು ನಿಮಿಷಗಳಲ್ಲಿ ಸುಡುತ್ತವೆ. ಯೋಚಿಸುತ್ತಾ ನಿಲ್ಲದೆ ಮೇನ್ ಸ್ವಿಚ್ ಆರಿಸಿ, ಅಕ್ಕಪಕ್ಕದವರಿಗೂ ಕೂಗಿ ಹೇಳಿ. ದೀಪಗಳೇ ಉರಿಯದೆ, ಸ್ವಿಚ್ ಹಾಕಿಟ್ಟಿರುವಾಗ ಸಾಕೆಟ್‌ನ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಹೊತ್ತಿಕೊಂಡರೆ ಅದೂ ನ್ಯೂಟ್ರಲ್ ತುಂಡಾದ ಗುರುತೇ. ಮೀಟರ್‌ನ ಆಚೆಯೋ ಈಚೆಯೋ ಎಂಬುದನ್ನು ಇದರಲ್ಲಿ ನೀವೇ ನಿರ್ಧರಿಸಲು ಹೋಗಬೇಡಿ. ಮೇನ್ ಆರಿಸಿಟ್ಟು 1912ಕ್ಕೆ ತಿಳಿಸಿ.

ಲಕ್ಷಣ: ನಲ್ಲಿ ಅಥವಾ ಒದ್ದೆ ಗೋಡೆ ಮುಟ್ಟಿದರೆ ಜುಮ್ಮೆನ್ನುತ್ತದೆ

ಇದಕ್ಕೆ ಮನೆಮದ್ದಿಲ್ಲ. ಅದೇ ಕ್ಷಣ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ಸೋರಿಕೆ ಮತ್ತು ಅರ್ಥಿಂಗ್ ಎರಡನ್ನೂ ಪರೀಕ್ಷಿಸುವವರೆಗೆ ಹಾಕಬೇಡಿ. ಮೇನ್ ಆರಿಸಿದ ಮೇಲೂ ಜುಮ್ಮೆನ್ನುತ್ತಿದ್ದರೆ ಕರೆಂಟು ಹೊರಗಿನಿಂದ, ಸರ್ವಿಸ್ ವೈರಿಗೆ ತಾಗಿದ ತಗಡಿನಿಂದಲೋ ಇಲ್ಲವೇ ಇನ್ವರ್ಟರ್‌ನಿಂದಲೋ ಬರುತ್ತಿದೆ. ಇನ್ವರ್ಟರನ್ನೂ ಆರಿಸಿ, ಆ ನಲ್ಲಿಯಿಂದ ಮನೆಯವರನ್ನು ದೂರವಿಡಿ. ಯಾರಾದರೂ ಶಾಕ್ ಹೊಡೆದು ಅಂಟಿಕೊಂಡಿದ್ದರೆ ಬರಿಗೈಯಿಂದ ಎಳೆಯಬೇಡಿ. ಮೇನ್ ಆರಿಸುವುದೇ ಎಲ್ಲಕ್ಕಿಂತ ಬೇಗದ ದಾರಿ. ಅದು ಸಾಧ್ಯವಾಗದಿದ್ದರೆ ಒಣ ಮಣೆಯ ಮೇಲೆ ನಿಂತು ಒಣ ಕೋಲಿನಿಂದ ಬಿಡಿಸಿ, 108ಕ್ಕೆ ಕರೆ ಮಾಡಿ. ಕೋಲಿನ ಉಪಾಯ ಮನೆಯೊಳಗಿನ ವೋಲ್ಟೇಜಿಗೆ ಮಾತ್ರ, 11 ಕೆವಿಗೆ ಅಲ್ಲ.

ಲಕ್ಷಣ: ಇನ್ವರ್ಟರ್ ಅರ್ಧ ಗಂಟೆಗೇ ಕೂಗಿ ನಿಲ್ಲುತ್ತದೆ

ಬ್ಯಾಟರಿ ಹಾಳಾಯಿತೆಂದು ಅಂಗಡಿಗೆ ಓಡುವ ಮೊದಲು ಖರ್ಚಿಲ್ಲದ ನಾಲ್ಕು ಸಂಗತಿಗಳನ್ನು ನೋಡಬೇಕು. ಮೊದಲನೆಯದು ಭಾರ. 150 ಎಎಚ್, ಅಂದರೆ ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯೆಂದರೆ ಲೆಕ್ಕದಲ್ಲಿ 1800 ವ್ಯಾಟ್-ಗಂಟೆ. ಇನ್ವರ್ಟರ್‌ನೊಳಗಿನ ನಷ್ಟವನ್ನೂ ಬ್ಯಾಟರಿಯನ್ನು ತಳ ಕಾಣುವಂತೆ ಬರಿದು ಮಾಡಬಾರದೆಂಬ ಎಚ್ಚರವನ್ನೂ ಕಳೆದರೆ ಕೈಗೆ ಸಿಗುವುದು ಸುಮಾರು 1000. ನಾಲ್ಕು 9 ವ್ಯಾಟ್ ಬಲ್ಬು ಮತ್ತು 10 ವ್ಯಾಟಿನ ರೌಟರ್ ಮಾತ್ರವಾದರೆ ಇದು 20 ಗಂಟೆ ದಾಟುತ್ತದೆ. ಇದಕ್ಕೆ 70 ವ್ಯಾಟಿನ ಹಳೆಯ ಫ್ಯಾನ್ ಒಂದು ಸೇರಿದರೆ ಎಂಟೂವರೆ ಗಂಟೆಗೆ ಇಳಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಗಲೆಂದು ರಾತ್ರಿಯಿಡೀ ಫ್ಯಾನ್ ಹಾಕಿಡುವ ಮನೆಗಳಲ್ಲಿ ಬೆಳಗಿನ ಹೊತ್ತಿಗೆ ಬ್ಯಾಟರಿ ಬರಿದಾಗಿರುವುದಕ್ಕೆ ಇದೇ ಕಾರಣ. ಎರಡನೆಯದು ಚಾರ್ಜು. ಬರಿದಾದ ಬ್ಯಾಟರಿ ತುಂಬಲು 10–12 ಗಂಟೆ ಬೇಕು. ದಿನಕ್ಕೆ ಎರಡು ಗಂಟೆ ಬಂದುಹೋಗುವ ಕರೆಂಟಿನಲ್ಲಿ ಎಷ್ಟು ಒಳ್ಳೆಯ ಬ್ಯಾಟರಿಯೂ ಹಸಿದೇ ಇರುತ್ತದೆ.

ಮೂರನೆಯದು ಬ್ಯಾಟರಿಯ ತಲೆಯ ಮೇಲಿನ ಜೋಡಣೆ. ಟರ್ಮಿನಲ್‌ನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಸರಾಗವಾಗಿ ಹರಿಯುವುದಿಲ್ಲ. ಇನ್ವರ್ಟರ್ ಆರಿಸಿ, ಅದರ ಪ್ಲಗ್ ಕಳಚಿ, ಮೊದಲು ಕಪ್ಪು ವೈರು ನಂತರ ಕೆಂಪು ವೈರು ಬಿಚ್ಚಿ, ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಒರೆಸಿ, ಒಣಗಿದ ಮೇಲೆ ವ್ಯಾಸಲಿನ್ ಸವರಿ, ಕೆಂಪನ್ನು ಮೊದಲು ಹಾಕಿ ಬಿಗಿಗೊಳಿಸಿ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗದಂತೆ ಜಾಗ್ರತೆ ವಹಿಸಿ, ಕೈಬಳೆ ಉಂಗುರ ತೆಗೆದಿಡಿ. ನಾಲ್ಕನೆಯದು ನೀರು. ಗುರುತಿಗಿಂತ ಕೆಳಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಮಳೆನೀರು ಶುದ್ಧವೆಂದು ಹಿಡಿದಿಟ್ಟು ಹಾಕುವವರಿದ್ದಾರೆ. ಮಾಡಿನಿಂದ ಇಳಿದ ನೀರಿನಲ್ಲಿ ಧೂಳು, ಪಾಚಿ, ಲವಣ ಎಲ್ಲವೂ ಇರುತ್ತವೆ. ಒಳಗಿರುವುದು ಗಂಧಕಾಮ್ಲ. ಅದು ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಸತತವಾಗಿ ನೀರು ಬಿಟ್ಟು ತೊಳೆದು ಆಸ್ಪತ್ರೆಗೆ ಹೋಗಬೇಕು. ಚಾರ್ಜ್ ಆಗುವಾಗ ಜಲಜನಕ ಅನಿಲ ಬರುವುದರಿಂದ ಹತ್ತಿರ ದೀಪ, ಊದುಬತ್ತಿ ಬೇಡ.

ಇಷ್ಟೆಲ್ಲ ಸರಿಯಿದ್ದೂ ನಿಲ್ಲದಿದ್ದರೆ, ಪೂರ್ತಿ ಚಾರ್ಜ್ ಮಾಡಿ ವೈರ್ ಕಳಚಿ ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. 12.6 ವೋಲ್ಟಿನ ಆಸುಪಾಸಿದ್ದರೆ ಚಾರ್ಜ್ ಹಿಡಿದಿದೆ. 12ಕ್ಕಿಂತ ಕೆಳಗಿಳಿದಿದ್ದರೆ ಯಾವುದೋ ಸೆಲ್ ಸತ್ತಿರಬಹುದು, ಬ್ಯಾಟರಿಯ ಆಮ್ಲ ಅಳೆಯುವ ಹೈಡ್ರೋಮೀಟರ್ ಇರುವವರಿಂದ ಪರೀಕ್ಷೆ ಮಾಡಿಸಿ. ಬ್ಯಾಟರಿಯ ಪಕ್ಕೆ ಉಬ್ಬಿದ್ದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಪರೀಕ್ಷೆಯೇ ಬೇಡ. ಇನ್ವರ್ಟರ್ ಆರಿಸಿ ಕಿಟಕಿ ಬಾಗಿಲು ತೆರೆದು ಹೊರಬನ್ನಿ.

ಲಕ್ಷಣ: ಸಿಡಿಲಿನ ನಂತರ ರೌಟರ್, ಟಿವಿ ಸತ್ತಿವೆ

ಏಪ್ರಿಲ್–ಮೇ ತಿಂಗಳ ಮಳೆಯಲ್ಲೂ ಹಿಂಗಾರಿನಲ್ಲೂ ಇದು ಹೆಚ್ಚು. ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಅದೇ ವೋಲ್ಟೇಜಿನ, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್‌ನ, ಪಿನ್ನಿನ ಧ್ರುವ ಹೊಂದುವ ಅಡಾಪ್ಟರ್ ಆಗಿರಬೇಕು. ಬಹಳ ಸಲ ಅದಷ್ಟೇ ಹೋಗಿರುತ್ತದೆ. ರೌಟರಿನ ದೀಪಗಳು ಹೊತ್ತಿಯೂ ಇಂಟರ್ನೆಟ್ ಬರದಿದ್ದರೆ ಕೇಬಲ್‌ನ ಮೂಲಕ ಹೊಡೆತ ಬಿದ್ದು ಪೋರ್ಟ್ ಹೋಗಿರಬಹುದು. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್, ಡಿಶ್ ಕೇಬಲ್, ತಾಮ್ರದ ಫೋನ್ ತಂತಿ ಮೂರನ್ನೂ ಕಳಚಬೇಕು. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ನೆತ್ತಿಯ ಮೇಲಿರುವಾಗ ಕಳಚಲು ಹೋಗಬೇಡಿ, ವಸ್ತು ಹೋದರೆ ಹೋಗಲಿ.

ಲಕ್ಷಣ: ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ತಲೆನೋವು, ವಾಕರಿಕೆ, ಮಂಪರು

ದೋಷ ನಿವಾರಣೆಯ ಕೈಪಿಡಿಯಲ್ಲಿ ತಲೆನೋವಿಗೇನು ಕೆಲಸ ಎನ್ನಿಸಬಹುದು. ಆದರೆ ಕರೆಂಟ್ ಹೋದ ಚಳಿಯ ರಾತ್ರಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಕತ್ತಲೆಯಲ್ಲ, ನಾವೇ ಹಚ್ಚಿಕೊಂಡ ಬೆಂಕಿ. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಯ ಬಾಗಿಲು ಕಿಟಕಿ ಮುಚ್ಚುವುದು, ಗೀಸರ್ ನಡೆಯದೆಂದು ಕಿರಿದಾದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಹಾಕಿ ಚಿಲಕ ಹಾಕಿಕೊಳ್ಳುವುದು, ಮಳೆಗೆ ನೆನೆಯದಿರಲೆಂದು ಜನರೇಟರನ್ನು ಜಗಲಿಯಲ್ಲೋ ಉಗ್ರಾಣದಲ್ಲೋ ಇಡುವುದು ಈ ಮೂರರಲ್ಲೂ ಕಾರ್ಬನ್ ಮೊನಾಕ್ಸೈಡ್ ಎಂಬ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ ತುಂಬಿಕೊಳ್ಳುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿಯುತ್ತದೆ. ಹೊಗೆಯಿಲ್ಲದ ಕೆಂಪು ಕೆಂಡ ಸುರಕ್ಷಿತವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ, ಅದು ತಪ್ಪು. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಇಂಥ ಲಕ್ಷಣ ಕಂಡ ಕೂಡಲೇ ಎಲ್ಲರನ್ನೂ ಹೊರಗೆ ತನ್ನಿ, ಮಳೆಯಾದರೂ ಸರಿ, ಬಾಗಿಲುಗಳನ್ನು ತೆರೆದಿಡಿ, 108ಕ್ಕೆ ಕರೆ ಮಾಡಿ. ಹೊರಗೆ ಬಂದು ಸರಿಯಾದಂತೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಿ ಏನಾಯಿತೆಂದು ಹೇಳಬೇಕು. ಸ್ನಾನಕ್ಕೆ ಹೊರಗಿನ ಬಚ್ಚಲೊಲೆಯ ಹಂಡೆ ಇರುವವರು ಅದನ್ನೇ ಬಳಸುವುದು ಒಳ್ಳೆಯದು. ಹೊಗೆ ಹೋಗಲು ಗೂಡಿರುವ ಒಲೆ ಅದು. ಚಳಿಗೆ ಕೆಂಡ ಬೇಕೇಬೇಕೆಂದರೆ ಕಿಟಕಿ ತೆರೆದಿಟ್ಟು ಕಾಯಿಸಿಕೊಂಡು, ಮಲಗುವ ಮೊದಲು ಅಗ್ಗಿಷ್ಟಿಕೆಯನ್ನು ಹೊರಗಿಡಿ.

ಜನರೇಟರ್ ಬಗ್ಗೆ ಇನ್ನೊಂದು ಮಾತು. ಅದರ ವೈರನ್ನು ಮನೆಯ ಸಾಕೆಟ್ ಒಂದಕ್ಕೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವ ಪದ್ಧತಿ ಅತ್ಯಂತ ಘೋರವಾದದ್ದು. ಆ ಕರೆಂಟು ಮೀಟರ್ ದಾಟಿ ಟಿಸಿಯನ್ನು ತಲುಪಿ, ಅಲ್ಲಿ ಹಿಮ್ಮುಖವಾಗಿ ಸಾವಿರಾರು ವೋಲ್ಟ್‌ಗೆ ಏರಿ, ಲೈನ್ ಸತ್ತಿದೆಯೆಂದು ನಂಬಿ ಮಳೆಯಲ್ಲಿ ಕಂಬ ಹತ್ತಿರುವ ಪವರ್‌ಮ್ಯಾನ್‌ನನ್ನು ಕೊಲ್ಲಬಲ್ಲದು. ಲೈನ್ ಇಲ್ಲವೇ ಜನರೇಟರ್ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಜನರೇಟರನ್ನು ಮನೆಯ ವೈರಿಂಗ್‌ಗೆ ಜೋಡಿಸಬಾರದು.

ಲಕ್ಷಣ: ಫ್ರಿಡ್ಜ್ ತಣ್ಣಗಿಲ್ಲ, ಔಷಧದ ಚಿಂತೆ

ಬಾಗಿಲು ತೆರೆಯದಿದ್ದರೆ ಫ್ರಿಡ್ಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಮೀನು ಮಾಂಸ ಕರಗಿ ಬೆಚ್ಚಗಾಗಿದ್ದರೆ ಎಸೆಯಿರಿ. ಬಳಸುತ್ತಿರುವ ಇನ್ಸುಲಿನ್ ಸಾಮಾನ್ಯವಾಗಿ 30 ಡಿಗ್ರಿಯ ಒಳಗೆ ಸುಮಾರು 4 ವಾರ ಕೆಡುವುದಿಲ್ಲ, ನಿಖರವಾದ ಅವಧಿ ಅದರ ಜೊತೆಗಿರುವ ಚೀಟಿಯಲ್ಲಿರುತ್ತದೆ. ನಮ್ಮ ಮಳೆಗಾಲದ ತಂಪಿನಲ್ಲಿ ಒಲೆಯಿಂದ ದೂರ, ನೀರು ತುಂಬಿದ ಮಣ್ಣಿನ ಮಡಕೆಯಲ್ಲಿ ತೇವ ತಾಗದ ಡಬ್ಬಿಯೊಳಗೆ ಇಟ್ಟರೆ ಸಾಕು. ಐಸ್‌ಗೆ ನೇರವಾಗಿ ತಾಗಿಸಬೇಡಿ; ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಪ್ರಯೋಜನಕ್ಕೆ ಬಾರದು. ಆಮ್ಲಜನಕದ ಯಂತ್ರ ಬಳಸುವವರು ಮನೆಯಲ್ಲಿದ್ದರೆ ಇನ್ವರ್ಟರ್ ಒಂದನ್ನೇ ನಂಬದೆ, ಗಾಳಿಮಳೆಯ ಮುನ್ಸೂಚನೆ ಬಂದಾಗಲೇ ತುಂಬಿದ ಸಿಲಿಂಡರ್ ತರಿಸಿಡಿ. ದಾರಿಗೆ ಮರ ಬಿದ್ದರೆ ಆಂಬುಲೆನ್ಸ್ ಬರುವುದೂ ತಡವಾಗುತ್ತದೆ.

ಕರೆಂಟ್ ಬಂದ ಮೇಲೆ

ಕರೆಂಟ್ ಹೋದಾಗ ಮೇನ್ ಆರಿಸಬೇಕಾಗಿಲ್ಲದಿದ್ದರೂ ಫ್ರಿಡ್ಜ್, ಟಿವಿ, ಪಂಪಿನ ಸ್ವಿಚ್‌ಗಳನ್ನು ಆರಿಸಿಟ್ಟಿರಬೇಕು. ಬಂದ ಮೇಲೆ ಒಂದು ಬಲ್ಬನ್ನು ಮಾತ್ರ ಹಾಕಿ ಹತ್ತು ನಿಮಿಷ ಅದರ ಬೆಳಕನ್ನು ಗಮನಿಸಿ. ಅದು ಏರಿಳಿಯದೆ ನಿಂತರೆ ಮೊದಲು ಫ್ರಿಡ್ಜ್, ಅದಾದ ಮೇಲೆ ಪಂಪು, ಕೊನೆಗೆ ಗೀಸರ್ ಹೀಗೆ ಒಂದೊಂದಾಗಿ ಹಾಕಿ. ಸ್ಟೆಬಿಲೈಸರ್‌ನ ಮುಳ್ಳು 180ಕ್ಕಿಂತ ಕೆಳಗಿದ್ದರೆ ಫ್ರಿಡ್ಜ್ ಇನ್ನೂ ಕಾಯಲಿ. ಲೈನ್ ದುರಸ್ತಿಯಾದ ನಂತರ ಮೂರು ಫೇಸಿನ ಪಂಪು ಉಲ್ಟಾ ತಿರುಗಿ ನೀರು ಎತ್ತದಿರುವುದೂ ಉಂಟು. ಫೇಸ್‌ಗಳ ಕ್ರಮ ಅದಲುಬದಲಾಗಿರುತ್ತದೆ, ಪಂಪು ಕೆಟ್ಟಿರುವುದಿಲ್ಲ. ಅದನ್ನು ನಿಲ್ಲಿಸಿ ಸೆಕ್ಷನ್ ಆಫೀಸಿಗೆ ತಿಳಿಸಿದರೆ ಕಂಬದಲ್ಲೇ ಸರಿಮಾಡಿ ಹೋಗುತ್ತಾರೆ. ಸ್ಟಾರ್ಟರ್‌ನಲ್ಲಿ ವೈರ್ ಬದಲಿಸಿಕೊಂಡರೆ ಮುಂದಿನ ದುರಸ್ತಿಯ ನಂತರ ಮತ್ತೆ ಉಲ್ಟಾ ಆಗಬಹುದು.